ಕಸಿಗೂ ಮುಂಚಿನ ಆ ಒಂದು ವಾರ

ಅಸ್ಥಿಮಜ್ಜೆ ಕಸಿ ನಡೆಯುವ ದಿನವನ್ನು ಆಸ್ಪತ್ರೆಯವರು ‘ಡೇ ಝೀರೋ’ ಎನ್ನುತ್ತಾರೆ. ಅಂದು ಆಪರೇಷನ್ ಥಿಯೇಟರಿಲ್ಲ, ಅರಿವಳಿಕೆಯಿಲ್ಲ, ಹೊಲಿಗೆಯಿಲ್ಲ. ದಾನಿಯ ಆಕರಕೋಶಗಳಿರುವ (ಸ್ಟೆಮ್ ಸೆಲ್) ಕೆಂಪು ಚೀಲವನ್ನು ಸ್ಟ್ಯಾಂಡಿಗೆ ತೂಗುಹಾಕುತ್ತಾರೆ. ರಕ್ತ ಏರಿಸಿದ ಹಾಗೆಯೇ ಅದು ನಳಿಕೆಯ ಮೂಲಕ ಹನಿಹನಿಯಾಗಿ ಒಳಗಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಮುಗಿದೇಹೋಗುತ್ತದೆ. ‘ಇಷ್ಟೇನಾ?’ ಎಂದು ಮನೆಯವರಿಗೆ ಅನ್ನಿಸುವುದುಂಟು. ರೋಗಿಯ ನಿಜವಾದ ಪರೀಕ್ಷೆ ಅದಕ್ಕೂ ಸುಮಾರು ಒಂದು ವಾರ ಮೊದಲೇ, ‘ಮೈನಸ್ ಏಳು, ಮೈನಸ್ ಆರು’ ಎಂದು ಎಣಿಸುವ ದಿನಗಳಲ್ಲೇ ಶುರುವಾಗಿರುತ್ತದೆ. ಆ ದಿನಗಳ ಚಿಕಿತ್ಸೆಯೇ ಕಂಡೀಷನಿಂಗ್.

ತೀವ್ರ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ, ಅಂದರೆ ರಕ್ತಕಣಗಳು ತಯಾರಾಗುವ ಜಾಗದಲ್ಲೇ. ಮೊದಲ ಸುತ್ತಿನ ಕೀಮೋಗಳಿಂದ ರೋಗ ಹತೋಟಿಗೆ ಬಂದು, ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಶುದ್ಧವಾಗಿ ಕಂಡರೂ ಕ್ಯಾನ್ಸರ್ ಕಣಗಳು ಎಲ್ಲೋ ಅವಿತಿರಬಹುದು. ಮರುಕಳಿಸುವ ಅಪಾಯ ಹೆಚ್ಚಿದ್ದವರಿಗೆ ವೈದ್ಯರು ಕಸಿ ಸೂಚಿಸುತ್ತಾರೆ. ಅದಕ್ಕೆ ಮುಂಚಿನ ಕಂಡೀಷನಿಂಗ್ ಎರಡು ಕೆಲಸ ಮಾಡಬೇಕು. ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಆದಷ್ಟೂ ಕೊಲ್ಲಬೇಕು. ರೋಗಿಯ ರೋಗನಿರೋಧಕ ಶಕ್ತಿಯನ್ನೂ ಅಡಗಿಸಬೇಕು. ಇಲ್ಲದಿದ್ದರೆ ಅದು ದಾನಿಯ ಕೋಶಗಳನ್ನು ಹೊರಗಿನವೆಂದು ಗುರುತಿಸಿ ನಾಶ ಮಾಡಿಬಿಡುತ್ತದೆ. ಪೂರ್ಣ ಪ್ರಮಾಣದ ಕಂಡೀಷನಿಂಗ್ ರೋಗಿಯ ಸ್ವಂತ ಮಜ್ಜೆಯನ್ನೂ ಉಳಿಸುವುದಿಲ್ಲ. ಒಮ್ಮೆ ಅದು ಮುಗಿಯಿತೆಂದರೆ ಹಿಂದಕ್ಕೆ ದಾರಿಯಿಲ್ಲ, ದಾನಿಯ ಕೋಶಗಳು ಬರಲೇಬೇಕು.

ಈ ದಾರಿ ಕಂಡುಕೊಂಡವರಲ್ಲಿ ಮೊದಲಿಗರು ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್. 1957ರಲ್ಲಿ ಅವರು ವಿಕಿರಣ ಅಥವಾ ಕೀಮೋ ಕೊಟ್ಟು ಮಜ್ಜೆ ಏರಿಸಿದ ಆರು ಮಂದಿಯ ವರದಿ ಪ್ರಕಟಿಸಿದರು. ಅವರಲ್ಲಿ ಯಾರೂ ಹೆಚ್ಚು ಕಾಲ ಬದುಕಲಿಲ್ಲ. 1959ರಲ್ಲಿ ಲ್ಯುಕೇಮಿಯಾ ಇದ್ದ ಇಬ್ಬರು ಮಕ್ಕಳಿಗೆ ಮೈಪೂರ್ತಿ ವಿಕಿರಣ ಕೊಟ್ಟು, ಅವರವರ ತದ್ರೂಪಿ ಅವಳಿಗಳ ಮಜ್ಜೆ ಏರಿಸಿದರು. ಮಜ್ಜೆ ಚಿಗುರಿತು, ಮಕ್ಕಳು ಚೇತರಿಸಿಕೊಂಡರು. ಆದರೆ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮರಳಿತು. ಥಾಮಸ್ ಬಿಡಲಿಲ್ಲ. ಪತ್ನಿ ಡಾಟಿ ಅವರ ಜೊತೆಗೂಡಿ ಸಿಯಾಟಲ್‌ನಲ್ಲಿ ವರ್ಷಗಟ್ಟಲೆ ದುಡಿದರು. ಬೇರೆ ಯಾವ ಚಿಕಿತ್ಸೆಗೂ ಬಗ್ಗದ ತೀವ್ರ ಲ್ಯುಕೇಮಿಯಾದ 100 ರೋಗಿಗಳ ಫಲಿತಾಂಶವನ್ನು ಅವರ ತಂಡ 1977ರಲ್ಲಿ ಪ್ರಕಟಿಸಿತು. ಅವರಲ್ಲಿ 13 ಮಂದಿ ರೋಗಮುಕ್ತರಾಗಿ ಬದುಕಿದ್ದರು. ಇಂದಿನ ಕಣ್ಣಿಗೆ ಅದು ಸಣ್ಣ ಸಂಖ್ಯೆ. ಆ 13 ಮಂದಿಗೆ ಅಂದು ಬೇರೆ ಆಸರೆಯೇ ಇರಲಿಲ್ಲ ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. 1990ರಲ್ಲಿ ಥಾಮಸ್ ಅವರಿಗೆ ನೊಬೆಲ್ ಬಂತು. ಭಾರತದ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲೂ ನಡೆಯುತ್ತಿದೆ.

ಆ ವಾರ ವಾರ್ಡಿನೊಳಗೆ ನಡೆಯುವುದೇನು? ಬುಸಲ್ಫಾನ್ ಎಂಬ ಔಷಧವನ್ನು ಸಾಮಾನ್ಯವಾಗಿ ನಾಲ್ಕು ದಿನ ಕೊಡುತ್ತಾರೆ. ಅದು ಮಿದುಳನ್ನೂ ಮುಟ್ಟುವುದರಿಂದ ಫಿಟ್ಸ್ ಬಾರದಂತೆ ಮೊದಲೇ ಮಾತ್ರೆ ಶುರುಮಾಡಿರುತ್ತಾರೆ. ಒಬ್ಬೊಬ್ಬರ ದೇಹ ಅದನ್ನು ಒಂದೊಂದು ವೇಗದಲ್ಲಿ ಕರಗಿಸುತ್ತದೆ. ಹೆಚ್ಚಾದರೆ ಯಕೃತ್ತಿಗೆ ಪೆಟ್ಟು, ಕಡಿಮೆಯಾದರೆ ರೋಗ ಮರಳುವ ಭಯ. ಹಾಗಾಗಿ ಎಷ್ಟೋ ಕಡೆ ರಕ್ತದಲ್ಲಿ ಅದರ ಮಟ್ಟ ಅಳೆದು ಡೋಸ್ ಸರಿಪಡಿಸುತ್ತಾರೆ. ಸೈಕ್ಲೋಫಾಸ್ಫಮೈಡ್ ಎಂಬ ಇನ್ನೊಂದು ಔಷಧ ಮೂತ್ರಕೋಶದ ಒಳಪದರವನ್ನು ಸುಡುತ್ತದೆ. ಅದನ್ನು ತಡೆಯಲು ಮೆಸ್ನಾ ಎಂಬ ಔಷಧ, ಬಾಟಲಿಗಟ್ಟಲೆ ದ್ರವ, ರಾತ್ರಿಯೂ ಬಿಡದೆ ಮೂತ್ರದ ಅಳತೆ. ಥಯೋಟೆಪಾ ಕೊಟ್ಟರೆ ಅದು ಬೆವರಿನಲ್ಲೂ ಹೊರಬಂದು ಚರ್ಮ ಸುಡುತ್ತದೆ. ಎಷ್ಟೇ ಸುಸ್ತಾಗಿದ್ದರೂ ದಿನಕ್ಕೆ ಹಲವು ಬಾರಿ ಸ್ನಾನ ಮಾಡಿಸಿ ಬಟ್ಟೆ, ಹಾಸಿಗೆಯ ಹೊದಿಕೆ ಬದಲಿಸಲೇಬೇಕು. ನರ್ಸ್‌ಗಳ ಈ ದುಡಿಮೆ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಕಸಿಯ ಯಶಸ್ಸಿನಲ್ಲಿ ಅವರ ಪಾಲು ದೊಡ್ಡದು.

ಇನ್ನೊಂದು ದಾರಿ ಮೈಪೂರ್ತಿ ವಿಕಿರಣ. ಚಿಕಿತ್ಸೆ ಸಿಗದಿದ್ದರೆ 4 ಗ್ರೇ (ವಿಕಿರಣದ ಅಳತೆಯ ಮಾನ) ಆಸುಪಾಸಿನ ವಿಕಿರಣವೇ ಅರ್ಧದಷ್ಟು ಜನರ ಜೀವ ತೆಗೆಯಬಲ್ಲದು. ಇಲ್ಲಿ ಕೊಡುವುದು ಸಾಮಾನ್ಯವಾಗಿ 12 ಗ್ರೇ, ಅದನ್ನು ಮೂರು ದಿನಕ್ಕೆ ಹಂಚಿ, ದಿನಕ್ಕೆ ಎರಡು ಸಲದಂತೆ. ಮಕ್ಕಳ ಬೆಳವಣಿಗೆಗೆ ಇದು ಕುತ್ತು ತರಬಹುದೆಂದು ಕೈಬಿಡುವ ಪ್ರಯತ್ನವೂ ನಡೆಯಿತು. ಫೋರಮ್ ಎಂಬ ಅಂತಾರಾಷ್ಟ್ರೀಯ ಅಧ್ಯಯನ, ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇದ್ದ, 4 ವರ್ಷ ದಾಟಿದವರಲ್ಲಿ ಎರಡೂ ದಾರಿಗಳನ್ನು ಹೋಲಿಸಿತು. ಎರಡು ವರ್ಷಗಳ ಬಳಿಕ ಬದುಕಿದ್ದವರು ವಿಕಿರಣದ ಗುಂಪಿನಲ್ಲಿ ಶೇ 91, ಬರೀ ಕೀಮೋ ಪಡೆದವರಲ್ಲಿ ಶೇ 75.

ವಯಸ್ಸಾದವರ, ಹೃದಯ ಅಥವಾ ಶ್ವಾಸಕೋಶ ದುರ್ಬಲವಾದವರ ದೇಹ ಇದನ್ನೆಲ್ಲ ತಾಳುವುದಿಲ್ಲ. ಅವರಿಗೆ ನೆರವಾದದ್ದು ಆ ಅವಳಿ ಮಕ್ಕಳ ಉದಾಹರಣೆಯಲ್ಲೇ ಅಡಗಿದ್ದ ಸುಳಿವು. ತದ್ರೂಪಿ ಅವಳಿಯ ಮಜ್ಜೆ ಪಡೆದವರಲ್ಲಿ ರೋಗ ಹೆಚ್ಚಾಗಿ ಮರಳುತ್ತದೆ, ಬೇರೆ ದಾನಿಯಿಂದ ಪಡೆದವರಲ್ಲಿ ಕಡಿಮೆ. ಅಂದರೆ ದಾನಿಯ ಬಿಳಿ ರಕ್ತಕಣಗಳೇ ಲ್ಯುಕೇಮಿಯಾ ಜೊತೆ ಹೋರಾಡುತ್ತವೆ. ಹಾಗಿದ್ದ ಮೇಲೆ ಡೋಸ್ ತಗ್ಗಿಸಿ ಆ ಕೆಲಸದ ಒಂದು ಪಾಲನ್ನು ಅವುಗಳಿಗೆ ಬಿಡಬಹುದಲ್ಲ? 1990ರ ದಶಕದ ಕೊನೆಗೆ ಹೀಗೆ ಕಡಿಮೆ ತೀವ್ರತೆಯ ಕಂಡೀಷನಿಂಗ್ ಬಳಕೆಗೆ ಬಂತು. ಅರವತ್ತು ದಾಟಿದವರಿಗೂ ಕಸಿ ಸಾಧ್ಯವಾಯಿತು.

ಅದಕ್ಕೂ ಬೆಲೆಯಿದೆ. ಎರಡೂ ಬಗೆಯನ್ನು ತಾಳಬಲ್ಲ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೂವರೆ ವರ್ಷದೊಳಗೆ ಚಿಕಿತ್ಸೆಯಿಂದಲೇ ಸತ್ತವರು ಪೂರ್ಣ ಡೋಸ್ ಗುಂಪಿನಲ್ಲಿ ಸುಮಾರು ಶೇ 16, ಕಡಿಮೆ ಡೋಸ್ ಗುಂಪಿನಲ್ಲಿ ಶೇ 4. ಆದರೆ ರೋಗ ಮರುಕಳಿಸಿದ್ದು ಪೂರ್ಣ ಡೋಸ್‌ನವರಲ್ಲಿ ಶೇ 13.5, ಕಡಿಮೆ ಡೋಸ್‌ನವರಲ್ಲಿ ಶೇ 48. ದೇಹ ತಾಳುವಂತಿದ್ದರೆ ಪೂರ್ಣ ಡೋಸ್, ಇಲ್ಲದಿದ್ದರೆ ಕಡಿಮೆಯದು ಎಂಬ ಇಂದಿನ ಪದ್ಧತಿಯ ಹಿಂದೆ ಈ ಲೆಕ್ಕವಿದೆ. ‘ಸೌಮ್ಯವಾದದ್ದೇ ಕೊಡಿ ಡಾಕ್ಟ್ರೇ’ ಎಂದು ಮನೆಯವರು ಕೇಳಿಕೊಳ್ಳುವುದು ಸಹಜ. ಆದರೆ ಸೌಮ್ಯವಾದದ್ದೇ ಎಲ್ಲರಿಗೂ ಸುರಕ್ಷಿತವೆಂದು ಹೇಳಲಾಗದು.

ಡೇ ಝೀರೋ ಆದ ಮೇಲೆ ಹೊಸ ಮಜ್ಜೆ ಬೇರೂರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಬಾಯಿ ಹುಣ್ಣಾಗಿ ಉಗುಳು ನುಂಗುವುದೂ ಕಷ್ಟವಾಗುವುದು, ಕೂದಲು ಉದುರುವುದು, ಜ್ವರ ಕಾಡುವುದು ಆಗಲೇ. ಇವೆಲ್ಲ ಬಹುಮಟ್ಟಿಗೆ ಕ್ರಮೇಣ ಇಳಿಯುತ್ತವೆ. ಮರಳಿ ಸಿಗದೇ ಹೋಗಬಹುದಾದದ್ದು ಸಂತಾನಶಕ್ತಿ. ನಮ್ಮ ಮನೆಗಳಲ್ಲಿ ಜೀವ ಉಳಿದರೆ ಸಾಕೆಂಬ ಆತಂಕದಲ್ಲಿ ಈ ಮಾತು ಎತ್ತಲು ಎಲ್ಲರೂ ಹಿಂಜರಿಯುತ್ತಾರೆ. ರೋಗಿ ಹದಿಹರೆಯದವರಾಗಿರಲಿ, ಮದುವೆಯಾದವರಾಗಿರಲಿ, ವೀರ್ಯವನ್ನೋ ಅಂಡಾಣುವನ್ನೋ ಶೀತಲೀಕರಿಸಿ ಇಡಲು ಸಾಧ್ಯವೇ ಎಂದು ಸಂಕೋಚಪಡದೆ ವೈದ್ಯರನ್ನು ಕೇಳಿ. ಕಂಡೀಷನಿಂಗ್‌ನ ಮೊದಲ ಡೋಸ್ ಬೀಳುವ ಮುನ್ನವೇ ಕೇಳಿ.