ಕಿಟಕಿಯಿಲ್ಲದ ಕೋಣೆ

ಮೂವತ್ತು ವರ್ಷ ಭೂಗೋಳದ ಪಾಠ ಹೇಳಿದ ನಾನು ನಡುರಾತ್ರಿಯ ಸೂರ್ಯನನ್ನು ಕಂಡದ್ದು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ. ನಿವೃತ್ತಿಯ ಹಣ ಕೈಗೆ ಬಂದಾಗ ಅದರಲ್ಲೊಂದು ಪಾಲನ್ನು ಆ ಸೂರ್ಯನಿಗೆ ಮೀಸಲಿಡಬೇಕೆಂದು ಮನಸ್ಸು ಮಾಡಿದೆ. ಆದರೆ ಯಾವ ಹಡಗಿನಲ್ಲಿ ಹೋಗುವುದು? ಜಾತಕ ನೋಡಿ ವರನನ್ನು ಆರಿಸುವುದೇ ಇದಕ್ಕಿಂತ ಸುಲಭವೆಂದು ಬೇಗನೆ ತಿಳಿಯಿತು.

ಮೊದಲು ಕಣ್ಣು ಸೆಳೆದವು ತೇಲುವ ನಗರಗಳಂತಹ ವಿಹಾರನೌಕೆಗಳು. ಈಜುಕೊಳ, ನಾಟಕಶಾಲೆ, ಬಗೆಬಗೆಯ ಭೋಜನಶಾಲೆ. ಜಾಹೀರಾತಿನ ದರವೂ ಅಗ್ಗವೇ. ಆದರೆ ಸಣ್ಣಕ್ಷರಗಳನ್ನು ಓದುತ್ತ ಹೋದಂತೆ ಲೆಕ್ಕ ಬೆಳೆಯಿತು. ದಿನಕ್ಕಿಷ್ಟೆಂದು ಪರಿಚಾರಕರ ಇನಾಮು, ಪಾನೀಯಕ್ಕೆ ಬೇರೆ ಹಣ, ರೇವಿನಲ್ಲಿಳಿದು ಊರು ನೋಡುವುದಕ್ಕೆ ಬೇರೆ ಹಣ. ಅದೂ ಅಲ್ಲದೆ, ತಲೆಗಿಷ್ಟೆಂದು ಅಚ್ಚಾದ ದರ ಸಾಮಾನ್ಯವಾಗಿ ಕೋಣೆಯಲ್ಲಿ ಇಬ್ಬರಿದ್ದರೆ ಮಾತ್ರ. ಒಬ್ಬನೇ ಹೋದರೆ ಹೆಚ್ಚುಕಡಿಮೆ ಇಬ್ಬರ ಬಾಡಿಗೆಯನ್ನೇ ತೆರಬೇಕಾದೀತು. ಈ ಲೆಕ್ಕವೇ ನನಗೆ ಅಕ್ಕನನ್ನು ನೆನಪಿಗೆ ತಂದಿತೆಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಕಾಲೇಜಿನ ಫೀಸಿಗೆ ಬಳೆ ಅಡವಿಟ್ಟವಳು ಅವಳು.

ದರಪಟ್ಟಿಗಳನ್ನು ಅವಳ ಮುಂದೆ ಹರಡಿದೆ. ಈಜುಕೊಳದ ಚಿತ್ರ ನೋಡಿ, "ಸಮುದ್ರದ ಮೇಲೆ ಹೋಗೋರಿಗೆ ಕೊಳ ಯಾಕೋ?" ಎಂದಳು. ದೊಡ್ಡ ನೌಕೆಗಳು ಅಲ್ಲಿಗೆ ಮುಗಿದವು.

ಉಳಿದದ್ದು ನಾರ್ವೆಯ ಕರಾವಳಿ ಹಡಗುಗಳು. 1893ರಲ್ಲಿ ಕ್ಯಾಪ್ಟನ್ ರಿಚರ್ಡ್ ವಿತ್ ಆರಂಭಿಸಿದ 'ಹುರ್ಟಿಗ್ರುಟನ್' ಸಂಚಾರವು ಅಂಚೆ, ಸರಕು, ಜನ ಎಲ್ಲವನ್ನೂ ಹೊತ್ತು ಬೆಳೆದದ್ದು. 2021ರಿಂದ ಹವಿಲಾ ಎಂಬ ಮತ್ತೊಂದು ಸಂಸ್ಥೆಯೂ ಅದೇ ದಾರಿಯಲ್ಲಿ ಹಡಗು ನಡೆಸುತ್ತಿದೆ. ದಕ್ಷಿಣದ ಬೆರ್ಗೆನ್‌ನಿಂದ ಉತ್ತರದ ಕಿರ್ಕೆನೆಸ್‌ವರೆಗೆ 34 ರೇವುಗಳು. ಹೋಗಿಬರುವುದಕ್ಕೆ 12 ದಿನ. ಹೋಗುವಾಗ ರಾತ್ರಿ ತಾಗುವ ರೇವುಗಳನ್ನು ಬರುವಾಗ ಹಗಲಿನಲ್ಲಿ ತೋರಿಸುವಂತೆ ವೇಳಾಪಟ್ಟಿ. ಎರಡೂ ಕಡೆಯ ಟಿಕೆಟ್ಟು ನಮ್ಮ ಶಕ್ತಿಗೆ ಮೀರಿದ್ದು. ಒಂದೇ ಕಡೆ ಹೋದರೆ ಅರ್ಧ ರೇವುಗಳು ಕತ್ತಲಿಗೆ ಸಲ್ಲುತ್ತವೆಂದು ನಾನು ಪೇಚಾಡಿದೆ.

"ಅಲ್ವೋ, ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿಯೂ ಸೂರ್ಯ ಮುಳುಗೋದಿಲ್ಲ ಅಂತ ನೀನೇ ತಾನೆ ಹೇಳಿದ್ದು? ಕತ್ತಲೆ ಎಲ್ಲಿಂದ ಬರುತ್ತೆ?" ಎಂದಳು ಅಕ್ಕ.

ಭೂಗೋಳದ ಮೇಷ್ಟ್ರು ಬಾಯಿ ಮುಚ್ಚಿಕೊಂಡ. ಉತ್ತರದ ಕಡೆಗೆ ಮಾತ್ರ, ಆರು ರಾತ್ರಿಗಳಿಗೆ, ಎಲ್ಲಕ್ಕಿಂತ ಅಗ್ಗವಾದ ಕಿಟಕಿಯಿಲ್ಲದ ಒಳಕೋಣೆ ಗೊತ್ತಾಯಿತು.

ಟ್ರಾಮ್ಸೊ ದಾಟಿದ ರಾತ್ರಿ, ಹನ್ನೆರಡು ಗಂಟೆಗೆ, ಕೋಣೆ ಬಿಟ್ಟು ಮೇಲೆ ಡೆಕ್ಕಿಗೆ ಬಂದೆವು. ದೊಡ್ಡ ಕಿಟಕಿಗಳ ಕೋಣೆ ಹಿಡಿದವರೂ ಕಂಬಳಿ ಹೊದ್ದು ಅಲ್ಲೇ ನಿಂತಿದ್ದರು. ಕೋಣೆಗಳಿಗೆ ನಾನಾ ದರ. ಡೆಕ್ಕಿಗೆ ಮಾತ್ರ ದರವಿಲ್ಲ. ನೀರಿನ ಮೇಲೆ, ಮುಳುಗಲು ಮರೆತಂತೆ, ಕೆಂಪು ಸೂರ್ಯ ನಿಂತಿದ್ದ.

ಅಕ್ಕ ಬಹಳ ಹೊತ್ತು ನೋಡಿ, "ನಿನ್ನ ಪುಸ್ತಕದಲ್ಲಿ ಇಷ್ಟು ಚೆನ್ನಾಗಿರಲಿಲ್ಲ" ಎಂದಳು. ನಾನು ಅವಳ ಬರಿಯ ಮುಂಗೈ ಮೇಲೆ ಬಿದ್ದಿದ್ದ ಬೆಳಕನ್ನು ನೋಡುತ್ತಿದ್ದೆ.