ಅಡುಗೆ ಕಟ್ಟೆಗೆ ಗ್ರಾನೈಟ್: ಹೊಳಪಿಗಿಂತ ಗುಣ ಮುಖ್ಯ

ಮನೆ ಕಟ್ಟಿಸುವವರು ಅಡಿಪಾಯದ ಕಬ್ಬಿಣಕ್ಕೆ, ಗೋಡೆಯ ಇಟ್ಟಿಗೆಗೆ ಹತ್ತು ಕಡೆ ವಿಚಾರಿಸುತ್ತಾರೆ. ಅಡುಗೆ ಕಟ್ಟೆಯ ಕಲ್ಲಿನ ಸರದಿ ಬರುವ ವೇಳೆಗೆ ಕೈಯಲ್ಲಿನ ಹಣವೂ ತಾಳ್ಮೆಯೂ ಕರಗಿರುತ್ತವೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಚಪ್ಪಡಿಗಳ ಪೈಕಿ ಹೆಚ್ಚು ಹೊಳೆಯುವುದರತ್ತ ಬೆರಳು ತೋರಿಸಿ ಮುಂಗಡ ಕೊಟ್ಟು ಬರುವುದೇ ರೂಢಿಯಾಗಿದೆ. ಗೋಡೆಯ ಬಣ್ಣ ಹಿಡಿಸದಿದ್ದರೆ ಮತ್ತೆ ಬಳಿಸಬಹುದು, ನಲ್ಲಿ ಕೆಟ್ಟರೆ ಬದಲಿಸಬಹುದು. ಗಾರೆಯಲ್ಲಿ ಕೂರಿಸಿದ ಕಲ್ಲನ್ನು ಒಡೆಯದೆ ಕೀಳುವುದು ಮಾತ್ರ ಬಹುತೇಕ ಅಸಾಧ್ಯ.

ಹೊಳಪು ಯಂತ್ರದ ಕೆಲಸ. ಉತ್ತಮ ಕಲ್ಲಿಗೂ ಸಾಧಾರಣ ಕಲ್ಲಿಗೂ ಅದನ್ನು ತರಿಸಬಹುದು. ಆದ್ದರಿಂದ ಕೊಳ್ಳುವವರು ಮೊದಲು ತಿಳಿಯಬೇಕಾದುದು ಆ ಕಲ್ಲು ಎಷ್ಟು ನೀರು, ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದನ್ನು.

ಹೆಸರೇ ಬೇರೆ, ಕಲ್ಲೇ ಬೇರೆ

ವ್ಯಾಪಾರದ ಭಾಷೆಯಲ್ಲಿ ಗಟ್ಟಿಯಾಗಿದ್ದು ಹೊಳಪು ಹಿಡಿಯುವ ಕಲ್ಲೆಲ್ಲವೂ ಗ್ರಾನೈಟೇ. ಭೂವಿಜ್ಞಾನದ ಲೆಕ್ಕ ಬೇರೆ. ಭೂಮಿಯ ಆಳದಲ್ಲಿ ಶಿಲಾರಸ ನಿಧಾನವಾಗಿ ತಣಿದು, ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕದ ಹರಳುಗಳು ಒಂದರೊಡನೊಂದು ಹೆಣೆದುಕೊಂಡು ರೂಪುಗೊಂಡ ಶಿಲೆಯೇ ನಿಜವಾದ ಗ್ರಾನೈಟ್. ರಾಮನಗರದ ಬೆಟ್ಟಗಳು ಇಂತಹ ಶಿಲೆಯವು. ಆ ಊರಿನ ಹಳೆಯ ಹೆಸರಿನಿಂದ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯಲಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಷ್ಟೇ ಕೆಂಪು ಗ್ರಾನೈಟಿಗೂ ಹೆಸರುವಾಸಿ.

ಆದರೆ ಚಾಮರಾಜನಗರ, ಕನಕಪುರ ಭಾಗಗಳಿಂದ ಬರುವ, ದೇಶವಿದೇಶಗಳಲ್ಲಿ ಬೇಡಿಕೆಯುಳ್ಳ ಕಪ್ಪು ಗ್ರಾನೈಟ್ ವಾಸ್ತವದಲ್ಲಿ ಗ್ರಾನೈಟ್ ಅಲ್ಲ. ಅದು ಡಾಲರೈಟ್ ಎಂಬ ಶಿಲೆ. ಹಳೆಯ ಬಂಡೆಗಳ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದದ್ದು. ಇದರಲ್ಲಿ ಬೆಣಚಿನ ಅಂಶ ಬಲು ಕಡಿಮೆ, ಹರಳುಗಳು ಸೂಕ್ಷ್ಮ, ರಂಧ್ರಗಳು ಅತ್ಯಲ್ಪ. ಒಗ್ಗರಣೆಯ ಎಣ್ಣೆ, ಅರಿಶಿನ, ಹುಣಸೆರಸ ದಿನವೂ ಚೆಲ್ಲುವ ನಮ್ಮ ಅಡುಗೆಮನೆಗಳಿಗೆ ಇದು ಹೇಳಿ ಮಾಡಿಸಿದ ಕಲ್ಲು. ಹೆಸರು ತಪ್ಪಾದರೂ ಗುಣದಲ್ಲಿ ತಪ್ಪಿಲ್ಲ.

ಬಿಳಿ ಮತ್ತು ತಿಳಿಬಣ್ಣದ ಕಲ್ಲುಗಳ ವಿಷಯದಲ್ಲಿ ಎಚ್ಚರ ಅಗತ್ಯ. 'ಕಾಶ್ಮೀರ್ ವೈಟ್' ಎಂದು ಮಾರಾಟವಾಗುವ ಕಲ್ಲು ಬರುವುದು ಕಾಶ್ಮೀರದಿಂದಲ್ಲ, ತಮಿಳುನಾಡಿನ ಮದುರೈ ಕಡೆಯಿಂದ. ನೋಡಲು ಸೊಗಸಾದರೂ ಅದು ದ್ರವಗಳನ್ನು ಹೀರುತ್ತದೆ. ರಕ್ಷಕ ದ್ರಾವಣವಾದ ಸೀಲರ್ ಅನ್ನು ಕಾಲಕಾಲಕ್ಕೆ ಹಚ್ಚುವ ಸಹನೆ ಇರುವವರಿಗೆ ಮಾತ್ರ ಇಂತಹ ಕಲ್ಲು ಸರಿ.

ಅಂಗಡಿಯಲ್ಲೇ ಪರೀಕ್ಷೆ

ಕಪ್ಪು ಕಲ್ಲಿಗೆ ಬೆಲೆ ಹೆಚ್ಚು. ಹೀಗಾಗಿ ಬೂದು ಕಲ್ಲಿಗೆ ಬಣ್ಣ ಅಥವಾ ಎಣ್ಣೆ ಕುಡಿಸಿ ಕಪ್ಪೆಂದು ಮಾರುವುದುಂಟು. ಒಂದೆರಡು ವರ್ಷ ತೊಳೆಯುವಷ್ಟರಲ್ಲಿ ಇಂತಹ ಕಟ್ಟೆಯ ಮೇಲೆ ಬೂದು ಮಚ್ಚೆಗಳು ಮೂಡುತ್ತವೆ. ಉಗುರು ಬಣ್ಣ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಚಪ್ಪಡಿಯ ಮೂಲೆಯಲ್ಲಿ ಬಲವಾಗಿ ಉಜ್ಜಿದಾಗ ಬಟ್ಟೆಗೆ ಕಪ್ಪು ಹತ್ತಿದರೆ ಆ ಅಂಗಡಿಯಿಂದ ಹೊರಬರುವುದು ಕ್ಷೇಮ. ಕತ್ತರಿಸಿದ ಅಂಚು ಬೂದಾಗಿ ಕಂಡ ಮಾತ್ರಕ್ಕೆ ಮೋಸವೆಂದು ತಿಳಿಯಬೇಕಾಗಿಲ್ಲ. ಹೊಳಪು ಕೊಡದ ಕಲ್ಲು ಹಾಗೆಯೇ ಕಾಣುತ್ತದೆ. ಅಂಚಿಗೆ ನೀರು ಸವರಿದರೆ ನಿಜವಾದ ಬಣ್ಣ ಹೊರಬೀಳುತ್ತದೆ.

ಎರಡನೆಯದು ಹನಿ ಪರೀಕ್ಷೆ. ಚಪ್ಪಡಿಯ ಮೇಲೆ ನಾಲ್ಕು ಹನಿ ನೀರು, ಪಕ್ಕದಲ್ಲಿ ನಾಲ್ಕು ಹನಿ ನಿಂಬೆರಸ ಬಿಟ್ಟು ಕಾಲು ಗಂಟೆ ಕಾದು ಒರೆಸಬೇಕು. ನೀರು ಬಿದ್ದ ಜಾಗ ಕಪ್ಪಾಗಿದ್ದರೆ ಕಲ್ಲು ಹೀರುತ್ತದೆ ಎಂದರ್ಥ. ನಿಂಬೆರಸ ಬಿದ್ದ ಜಾಗ ಮಂಕಾದರೆ ಅದರಲ್ಲಿ ಸುಣ್ಣದ ಅಂಶವಿದೆ; ಅದು ಅಮೃತಶಿಲೆಯ ಬಂಧುವಿರಬಹುದು. ಚಪ್ಪಡಿಯ ಹಿಂಬದಿಯಲ್ಲಿ ಬಲೆಯಂತಹ ನೂಲು ಅಂಟಿಸಿದ್ದರೆ ಕಲ್ಲು ದುರ್ಬಲವಾಗಿರುವ ಸಂಭವ ಹೆಚ್ಚು.

ದಪ್ಪ 18ರಿಂದ 20 ಮಿ.ಮೀ. ಇರಲಿ. 20 ಮಿ.ಮೀ. ದಪ್ಪದ ಒಂದು ಚದರ ಅಡಿ ಕಲ್ಲು ಐದು ಕಿಲೋಗೂ ಮಿಗಿಲು ತೂಗುತ್ತದೆ. ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆಯ ಮೇಲಿನ ಕಲ್ಲೇ ನೂರು ಕಿಲೋ ದಾಟುತ್ತದೆ. ಅಡಿಯಲ್ಲಿ ಕಡಪಾ ಕಲ್ಲಿನ ಆಧಾರ ಒಡಕಿಲ್ಲದೆ ಇರಬೇಕು. ಸಿಂಕ್ ಮತ್ತು ಒಲೆಗಾಗಿ ಕೊರೆದ ಜಾಗದ ಮೂಲೆಗಳಲ್ಲೇ ಬಿರುಕು ಆರಂಭವಾಗುವುದರಿಂದ ಆ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕೊರೆಸುವುದು ಜಾಣತನ. ಕಟ್ಟೆಯ ಅಂಚಿಗೆ ತೆಂಗಿನಕಾಯಿ ಒಡೆಯುವ ಅಭ್ಯಾಸವಿರುವ ಮನೆಗಳಲ್ಲಿ ಎಷ್ಟೇ ದಪ್ಪದ ಕಲ್ಲಾದರೂ ಚಕ್ಕೆ ಏಳುವುದು ಖಚಿತ.

ನಿತ್ಯದ ಆರೈಕೆ

ಮೆದು ಬಟ್ಟೆ, ಪಾತ್ರೆ ತೊಳೆಯುವ ದ್ರವದ ಎರಡು ಹನಿ, ಬಿಸಿನೀರು ಸಾಕು. ತೊಂದರೆ ಕೊಡುವುದು ಕೊಳವೆಬಾವಿಯ ಗಡಸು ನೀರು. ನಲ್ಲಿಯ ಸುತ್ತ ಬಿಳಿ ಪದರ ಕಟ್ಟಿದಾಗ ಶೌಚಾಲಯದ ಆ್ಯಸಿಡ್ ತಂದು ಸುರಿಯುವವರಿದ್ದಾರೆ. ಕರೆಯೊಂದಿಗೆ ಹೊಳಪೂ ಹೋಗುತ್ತದೆ, ಅದು ಮತ್ತೆ ಬರುವುದು ಪಾಲಿಶ್ ಯಂತ್ರದಿಂದ ಮಾತ್ರ. ರಾತ್ರಿ ಮಲಗುವ ಮುನ್ನ ನಲ್ಲಿಯ ಸುತ್ತ ಒಣಬಟ್ಟೆಯಿಂದ ಒರೆಸಿದರೆ ಪದರವೇ ಕಟ್ಟುವುದಿಲ್ಲ.

ಎಣ್ಣೆ ಇಳಿದಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮರುದಿನ ತೆಗೆಯಬೇಕು. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಅರಿಶಿನದ ಕಲೆಗೆ ಸೋಪು ತಾಗಿದಾಗ ಕೆಂಪಾದರೆ ಗಾಬರಿಪಡಬೇಕಿಲ್ಲ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿದಾಗ ಆಗುವುದೂ ಇದೇ. ಚೆನ್ನಾಗಿ ತೊಳೆದರೆ ಕೆಂಪು ಹೋಗುತ್ತದೆ.

ಕಲ್ಲು ಕೊಯ್ಯುವವರ ಉಸಿರು

ಅಳತೆಗೆ ಹೊಂದಿಸಲು ಮನೆಯೊಳಗೇ ಕಲ್ಲು ಕೊಯ್ಯುವಾಗ ಏಳುವ ಧೂಳಿನ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ಬೆಣಚಿನ ಅತಿಸೂಕ್ಷ್ಮ ಕಣಗಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತವೆ. ಅದಕ್ಕೆ ಗುಣಪಡಿಸುವ ಚಿಕಿತ್ಸೆಯಿಲ್ಲ. ಇತ್ತೀಚೆಗೆ ಜನಪ್ರಿಯವಾಗಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಪ್ರಮಾಣ ಶೇ. 90ನ್ನೂ ಮೀರುವುದುಂಟು. ಇಂತಹ ಹಲಗೆ ಕತ್ತರಿಸುವ ಯುವ ಕೆಲಸಗಾರರೇ ರೋಗಕ್ಕೆ ತುತ್ತಾದ ಕಾರಣ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವುಗಳನ್ನು ನಿಷೇಧಿಸಿತು. ಗ್ರಾನೈಟಿನಲ್ಲಿ ಬೆಣಚು ಅದಕ್ಕಿಂತ ಕಡಿಮೆ, ಡಾಲರೈಟಿನಲ್ಲಿ ಇನ್ನೂ ಕಡಿಮೆ. ಆದರೂ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಒಣಗಲ್ಲು ಕೊಯ್ಯುವವರಿಗೆ ಅಪಾಯ ತಪ್ಪಿದ್ದಲ್ಲ. ಆ ಕರವಸ್ತ್ರ ಇಂತಹ ಕಣಗಳನ್ನು ತಡೆಯದು. ಸರಿಯಾದ ಅಳತೆ ಕೊಟ್ಟು ಕಾರ್ಖಾನೆಯಲ್ಲೇ ನೀರು ಹಾಯಿಸಿ ಕೊಯ್ಯಿಸಿ ತರುವುದು, ಮನೆಯಲ್ಲಿ ಉಳಿಯುವ ಚಿಕ್ಕಪುಟ್ಟ ಕೆಲಸವನ್ನು ಬಯಲಿನಲ್ಲಿ, ಬ್ಲೇಡಿಗೆ ನೀರು ಬಿಡುತ್ತ ಮಾಡಿಸುವುದು ಮನೆಯವರ ಕೈಯಲ್ಲೇ ಇದೆ. ಇದಕ್ಕೆ ತಗಲುವ ಹೆಚ್ಚುವರಿ ವೆಚ್ಚ ಅಂಚಿನ ಅಲಂಕಾರಕ್ಕೆ ತೆರುವ ಹಣಕ್ಕಿಂತ ಹೆಚ್ಚಾಗಲಾರದು.