ನಿಮಗಿದು ಗೊತ್ತೆ? ಇದ್ದೂ ಕಾಣದ ಡಿಸ್ಕ್!

ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಗಟ್ಟಿಮುಟ್ಟಾಗಿದ್ದರೂ, ವಿಂಡೋಸ್ ಹೊಸದಾಗಿ ಹಾಕಲು ಹೊರಟಾಗ ಡ್ರೈವ್‌ಗಳ ಪಟ್ಟಿ ಖಾಲಿ ಬರಬಹುದು! ಬಯೋಸ್ ತೆರೆದರೆ ಅದೇ ಡಿಸ್ಕ್‌ನ ಹೆಸರು ಸರಿಯಾಗಿಯೇ ಕಾಣುತ್ತದೆ.

2020ರಲ್ಲಿ ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್‌ಗಳು ಬಂದ ಮೇಲೆ ಈ ಕಣ್ಣಾಮುಚ್ಚಾಲೆ ಹೆಚ್ಚಾಯಿತು. ಇಂಥ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯ ಉಸ್ತುವಾರಿ ‘ವಿಎಂಡಿ’ ಎಂಬ ವ್ಯವಸ್ಥೆಯದು. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್ ಮಾಯ.

ಹೊಸ ಡಿಸ್ಕ್ ಕೊಳ್ಳಬೇಕಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ವಿಎಂಡಿಗೆ ಬೇಕಾದ ‘ಇಂಟೆಲ್ ಆರ್‌ಎಸ್‌ಟಿ’ ಡ್ರೈವರ್ ಇಳಿಸಿಕೊಳ್ಳಿ. ಅದನ್ನು ಬಿಡಿಸಿ ಪೆನ್‌ಡ್ರೈವ್‌ಗೆ ಹಾಕಿ. ಇನ್‌ಸ್ಟಾಲರ್‌ನಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷ! ಇನ್‌ಸ್ಟಾಲರ್‌ಗೆ ಬೇಕಾದದ್ದು ‘ಐಎನ್‌ಎಫ್’ ಫೈಲ್. ಇಳಿಸಿಕೊಂಡ ‘ಇಎಕ್ಸ್‌ಇ’ಯನ್ನು ಹಾಗೇ ಕೊಟ್ಟರೆ ಅದು ತಿರುಗಿಯೂ ನೋಡದು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯದು ಇನ್ನೂ ಫಜೀತಿ. ಶುರುವಿನಲ್ಲೇ ಎಫ್6 ಕೀಲಿ ಒತ್ತಿ, ಡ್ರೈವರನ್ನು ಫ್ಲಾಪಿಯಲ್ಲೇ ಕೊಡಬೇಕಿತ್ತು. ಲ್ಯಾಪ್‌ಟಾಪ್‌ಗಳಿಂದ ಫ್ಲಾಪಿ ಡ್ರೈವ್ ಮರೆಯಾದ ಮೇಲೂ ಈ ಹಟ ಬಿಡಲಿಲ್ಲ. ಪೆನ್‌ಡ್ರೈವ್, ಸಿ.ಡಿ.ಗಳಿಂದಲೂ ಡ್ರೈವರ್ ಕೊಡಲು ಅವಕಾಶ ಸಿಕ್ಕಿದ್ದು ವಿಂಡೋಸ್ ವಿಸ್ತಾ ಬಂದ ಮೇಲೆ.